ಡೊಂಕು ಬಾಲದ ವಂಶಾವಳಿ



ನಾಯಿ ಬಾಲ ಡೊಂಕು ಎಂದು ನಾವು ಹೇಳುವುದು ತಿದ್ದಿದರೂ ತಿದ್ದದ ಮನುಷ್ಯನನ್ನು ಬೈಯುವುದಕ್ಕೆ. ಸ್ವೀಡನ್ ದೇಶದ ಕಾರ್ಲ್ ಲಿನೇಯಸ್ ಇದೇ ಮಾತನ್ನು ಲ್ಯಾಟಿನ್ ಭಾಷೆಯಲ್ಲಿ, ಯಾರನ್ನೂ ಬೈಯದೆ, ಶಾಸ್ತ್ರವಾಗಿ ಬರೆದಿಟ್ಟ. ಜೀವಿಗಳಿಗೆಲ್ಲ ಎರಡೆರಡು ಪದದ ಹೆಸರಿಡುವ ಪದ್ಧತಿಯನ್ನು ನೆಲೆಗೊಳಿಸಿದವನು ಆತ. 1758ರಲ್ಲಿ ಬಂದ ಅವನ ‘ಸಿಸ್ಟೆಮಾ ನ್ಯಾಚುರೇ’ ಗ್ರಂಥದ ಹತ್ತನೆಯ ಆವೃತ್ತಿಯಲ್ಲಿ ಸಾಕುನಾಯಿಗೆ ಕ್ಯಾನಿಸ್ ಫ್ಯಾಮಿಲಿಯಾರಿಸ್ ಎಂದೂ ತೋಳಕ್ಕೆ ಕ್ಯಾನಿಸ್ ಲೂಪಸ್ ಎಂದೂ ಹೆಸರಿಟ್ಟ. ಎರಡನ್ನೂ ಬೇರೆ ಮಾಡಲು ಅವನು ಹಿಡಿದ ಗುರುತು ಬಾಲ. ನಾಯಿಯದು ಮೇಲಕ್ಕೆ ಸುರುಳಿಯಾಗಿ ಬಾಗುತ್ತದೆ, ಈ ಬಳಗದ ಬೇರೆ ಯಾವ ಕಾಡುಪ್ರಾಣಿಯ ಬಾಲವೂ ಹಾಗಿಲ್ಲ ಎಂಬುದು ಅವನ ಲೆಕ್ಕ. ನೋಡಿದರೆ ಹೌದೇ ಹೌದು. ತೋಳದ ಬಾಲ ಇಳಿಬಿದ್ದಿರುತ್ತದೆ, ನರಿಯದೂ ಅಷ್ಟೆ. ಬಾಲದ ಈ ಡೊಂಕು ಎಲ್ಲಿಂದ ಬಂತು ಎಂಬುದಕ್ಕೆ ಉತ್ತರದಂಥದ್ದೊಂದು ಸಿಗಲು ಇನ್ನೂರು ವರ್ಷ ಬೇಕಾಯಿತು. ಆ ಕಥೆಗೆ ಆಮೇಲೆ ಬರುತ್ತೇನೆ.

ಲಿನೇಯಸ್ ಕ್ಯಾನಿಸ್ ಎಂಬ ಒಂದೇ ಹೆಸರಿನಡಿ ಯಾರು ಯಾರನ್ನು ಕೂರಿಸಿದ ಎಂದು ನೋಡಿದರೆ ಇಂದು ನಗು ಬರುತ್ತದೆ. ನಾಯಿ, ತೋಳ, ನಮ್ಮ ನರಿ, ಯುರೋಪಿನ ಕೆಂಪು ನರಿ, ಕೊನೆಗೆ ಕತ್ತೆಕಿರುಬ! ಕತ್ತೆಕಿರುಬಕ್ಕೆ ಅವನು ಕೊಟ್ಟ ಹೆಸರು ಕ್ಯಾನಿಸ್ ಹೈಯೀನಾ. ಆತ ಮಹಾ ಪಂಡಿತ, ಆದರೂ ಮುಖ ನೋಡಿ ಮಣೆ ಹಾಕಿದ. ಉದ್ದ ಮೂತಿ, ಚೂಪು ಕಿವಿ, ಓಡುವ ಕಾಲು ಕಂಡದ್ದೇ ನಾಯಿಯ ಪಂಕ್ತಿಗೆ ಸೇರಿಸಿಬಿಟ್ಟ. ಮಾಂಸಾಹಾರಿ ಗಣದಲ್ಲಿ ಎರಡು ದೊಡ್ಡ ಕವಲುಗಳಿವೆ. ಒಂದರಲ್ಲಿ ನಾಯಿ, ಕರಡಿ, ನೀರುನಾಯಿ, ಸೀಲ್. ಇನ್ನೊಂದರಲ್ಲಿ ಬೆಕ್ಕು, ಹುಲಿ, ಪುನುಗುಬೆಕ್ಕು, ಮುಂಗುಸಿ. ಕತ್ತೆಕಿರುಬ ಈ ಎರಡನೆಯ ಕವಲಿನದು. ನಾಯಿಗಿಂತ ಮುಂಗುಸಿಗೆ ಅದು ಹತ್ತಿರದ ನೆಂಟ. ನೀರುನಾಯಿಯಾದರೋ ಹೆಸರಲ್ಲಿ ನಾಯಿಯಾಗಿದ್ದರೂ ನಾಯಿಯ ಕುಟುಂಬಕ್ಕೆ ಸೇರಿದ್ದಲ್ಲ.

ಇಲ್ಲಿ ಬಳಸುವ ಪದಗಳನ್ನು ಒಮ್ಮೆ ಹೇಳಿಬಿಡುತ್ತೇನೆ. ಪ್ರಭೇದಗಳು ಸೇರಿ ಕುಲ, ಕುಲಗಳು ಸೇರಿ ಕುಟುಂಬ, ಕುಟುಂಬಗಳು ಸೇರಿ ಗಣ. ನಾಯಿಯ ಕುಟುಂಬಕ್ಕೆ ಕ್ಯಾನಿಡೇ ಎಂದು ಹೆಸರು. ಅದರಲ್ಲಿ ಇಂದು ಬದುಕಿರುವ ಪ್ರಭೇದಗಳು ಸುಮಾರು 36. ಕೆಲವು ಕನ್ನಡ ಪುಸ್ತಕಗಳು ಕುಲ ಎಂಬಲ್ಲಿ ಜಾತಿ ಎಂದು ಬರೆಯುತ್ತವೆ. ನಾಯಿಯ ಮಾತು ಬಂದಾಗ ಅದು ಬೇಡ. ಜಾತಿ ಯಾವುದು ಎಂದು ಕೇಳಿದರೆ ಜನ ಪಮೇರಿಯನ್ ಎನ್ನುತ್ತಾರೆ, ಲ್ಯಾಬ್ರಡಾರ್ ಎನ್ನುತ್ತಾರೆ. ಅವು ತಳಿಗಳು. ಮುಧೋಳದ ಬೇಟೆನಾಯಿಯೂ ಅಜ್ಜಿಯ ಮಡಿಲಲ್ಲಿ ಕೂರುವ ಪಮೇರಿಯನ್ನೂ ನಿಮ್ಮ ಬೀದಿಯ ಕರಿಯನೂ ಶಾಸ್ತ್ರದ ಲೆಕ್ಕದಲ್ಲಿ ಒಂದೇ ಪ್ರಭೇದ.

ವೈಜ್ಞಾನಿಕ ಹೆಸರೆಂದರೆ ಒಮ್ಮೆ ಬರೆದು ಮುಗಿದ ಜನ್ಮಪತ್ರ ಎಂದು ಅನೇಕರು ತಿಳಿದಿದ್ದಾರೆ. ಅದು ಪಹಣಿಯಂಥದ್ದು. ಖಾತೆ ಬದಲಾಗುತ್ತದೆ, ಹಳೆಯ ಹೆಸರು ಕಡತದಲ್ಲಿ ಉಳಿದಿರುತ್ತದೆ, ತಕರಾರು ಅರ್ಜಿ ಹಾಕಲು ಯಾರಿಗೂ ಅಡ್ಡಿಯಿಲ್ಲ. ನಾಯಿಯ ಕುಟುಂಬದಲ್ಲಿ ಇಂಥ ತಕರಾರುಗಳು ತುಸು ಹೆಚ್ಚೇ. ಖಾತೆ ಬದಲಾದರೆ ಪ್ರಾಣಿಯ ಹಣೆಬರಹವೂ ಬದಲಾಗುವುದುಂಟು, ಹಾಗಾಗಿ ಈ ಜಗಳಗಳು ಪಂಡಿತರ ಮಟ್ಟದಲ್ಲೇ ಮುಗಿಯುವುದಿಲ್ಲ.

ಈ ಕುಟುಂಬವನ್ನು ಗುರುತಿಸುವುದು ಹೇಗೆ? ಹಲ್ಲು ಮತ್ತು ಹೆಜ್ಜೆ ನೋಡಿ. ಬೀದಿನಾಯಿಯೊಂದು ಬಿಸಿಲಿಗೆ ಮಲಗಿ ಬಾಯಿಬಿಟ್ಟು ಆಕಳಿಸುವಾಗ ಗಮನಿಸಿ. ಮುಂದೆ ಚಿಕ್ಕ ಬಾಚಿಹಲ್ಲುಗಳ ಸಾಲು, ಪಕ್ಕಕ್ಕೆ ನಾಲ್ಕು ಕೋರೆ, ಅದರಾಚೆ ಹಿಂದಕ್ಕೆ ಹೋದಂತೆ ದೊಡ್ಡದಾಗುವ ಹಲ್ಲುಗಳು. ಒಟ್ಟು 42. ಈ ಬಳಗದ ಬಹುತೇಕ ಪ್ರಾಣಿಗಳಿಗೆ ಇದೇ ಲೆಕ್ಕ. ನಾಯಿ ಮೂಳೆ ಕಡಿಯುವಾಗ ಮುಂದಿನ ಹಲ್ಲಿನಿಂದ ಕಡಿಯುವುದಿಲ್ಲ. ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ, ಒಂದು ಕಣ್ಣು ಮುಚ್ಚಿದಂತೆ ಮಾಡಿ, ದವಡೆಯ ಮೂಲೆಗೆ ಮೂಳೆ ತಳ್ಳುತ್ತದೆ. ಅಲ್ಲಿ ಮೇಲಿನ ಒಂದು ದೊಡ್ಡ ಹಲ್ಲೂ ಕೆಳಗಿನ ಒಂದು ದೊಡ್ಡ ಹಲ್ಲೂ ಒಂದನ್ನೊಂದು ಸವರಿಕೊಂಡು ಹೋಗುತ್ತವೆ. ಮಾಂಸ ಕತ್ತರಿಸುವುದು ಆ ಜೋಡಿ. ಅದರ ಹಿಂದಿನ ಹಲ್ಲುಗಳು ಅರೆಯುವುದಕ್ಕೆ. ಬೆಕ್ಕಿಗೆ ಅರೆಯುವ ಹಲ್ಲು ಇಲ್ಲವೆಂದರೂ ಸರಿ, ಅದಕ್ಕೆ ಮಾಂಸವೇ ಗತಿ. ನಾಯಿಯ ಬಳಗ ಹಣ್ಣು, ಹುಳು, ಏಡಿ, ಬೇರು ಏನು ಸಿಕ್ಕರೂ ನಡೆಸುತ್ತದೆ. ಹೆಜ್ಜೆಯ ವಿಷಯ ಇನ್ನೂ ಸುಲಭ. ಕೆರೆ ಅಂಗಳದ ಹಸಿ ಮಣ್ಣಿನಲ್ಲಿ ನಾಲ್ಕು ಬೆರಳಿನ ಗುರುತಿನ ಮುಂದೆ ಉಗುರಿನ ಚುಕ್ಕೆ ಕಂಡರೆ ನಾಯಿಯ ಬಳಗ. ಉಗುರು ಕಾಣದಿದ್ದರೆ ಬೆಕ್ಕಿನ ಬಳಗ. ಬೆಕ್ಕು ಉಗುರನ್ನು ಒಳಗೆಳೆದುಕೊಂಡು ನಡೆಯುತ್ತದೆ, ನಾಯಿಗೆ ಆ ಅನುಕೂಲವಿಲ್ಲ.

ಈಗ ನರಿಯ ವಿಷಯ. ನಮ್ಮ ಕನ್ನಡದಲ್ಲಿ ದೊಡ್ಡ ಗೊಂದಲ ಇರುವುದು ಇಲ್ಲೇ. ನಾವು ನರಿ ಎಂದು ಕರೆಯುವ ಪ್ರಾಣಿಗಳು ಎರಡು. ಸಂಜೆ ಕಬ್ಬಿನ ಗದ್ದೆಯ ಕಡೆಯಿಂದ ಗುಂಪಾಗಿ ಊಳಿಡುವ, ಎಂಟರಿಂದ ಹತ್ತು ಕಿಲೋ ತೂಗುವ ಪ್ರಾಣಿ ಒಂದು. ಅದು ಕ್ಯಾನಿಸ್ ಆರಿಯಸ್, ನಾಯಿ ತೋಳಗಳ ಕುಲದ್ದೇ. ಇನ್ನೊಂದು ಬಯಲುಸೀಮೆಯ ಹುಲ್ಲುಗಾವಲಿನ, ಎರಡು ಮೂರು ಕಿಲೋ ತೂಗುವ ಸಣ್ಣ ನರಿ. ಬೂದು ಮೈ, ಕಡ್ಡಿ ಕಾಲು, ಮೈಗಿಂತ ಹೆಚ್ಚು ಎದ್ದು ಕಾಣುವ ಪೊದೆಬಾಲ, ಅದರ ತುದಿ ಕಪ್ಪು. ನೆಲದಲ್ಲಿ ಹಲವು ಬಾಯಿಗಳ ಬಿಲ ತೋಡಿಕೊಂಡು ಇಲಿ, ಮಿಡತೆ, ಗೆದ್ದಲು ತಿಂದು ಬದುಕುತ್ತದೆ. ಭಾರತ ಉಪಖಂಡ ಬಿಟ್ಟು ಬೇರೆಲ್ಲೂ ಇಲ್ಲದ ಈ ಪ್ರಾಣಿ ವಲ್ಪಿಸ್ ಬೆಂಗಾಲೆನ್ಸಿಸ್, ಕುಲವೇ ಬೇರೆ. ಗುಳ್ಳೆನರಿ ಎಂಬ ಹೆಸರಿದೆಯಲ್ಲ ಎಂದು ನೀವು ಕೇಳಬಹುದು. ಆ ಹೆಸರು ಹೇಳುವವರೂ ಎಲ್ಲ ಊರಲ್ಲೂ ಒಂದೇ ಪ್ರಾಣಿಯನ್ನು ತೋರಿಸುವುದಿಲ್ಲ. ಪಂಚತಂತ್ರದ ಕರಟಕ ದಮನಕರು ಮೊದಲನೆಯ ಬಗೆಯವರು, ಸಂಸ್ಕೃತದ ಶೃಗಾಲ. ನಮ್ಮ ಮಕ್ಕಳ ಪುಸ್ತಕಗಳ ಚಿತ್ರಗಾರರು ಎಷ್ಟೋ ಸಲ ಅವರಿಗೆ ಇಟ್ಟಿಗೆ ಕೆಂಪು ಬಣ್ಣ ಬಳಿದು, ಬಾಲದ ತುದಿಗೆ ಬಿಳಿ ಹಚ್ಚಿ, ಯುರೋಪಿನ ನರಿಯನ್ನು ಸಿಂಹದ ಆಸ್ಥಾನಕ್ಕೆ ತಂದು ನಿಲ್ಲಿಸಿದ್ದಾರೆ.

ಎರಡೂ ನರಿಯೇ, ಬಿಡಿ, ಅದಕ್ಕೇನು ಎನ್ನಬಹುದು. ಜೀವಕೋಶದೊಳಗೆ ನೋಡಿದರೆ ಹಾಗೆನ್ನಲಾಗದು. ನಾಯಿ, ತೋಳ ಮತ್ತು ಊಳಿಡುವ ನರಿ ಮೂರಕ್ಕೂ ತಲಾ 78 ವರ್ಣತಂತುಗಳಿವೆ. ನಮ್ಮ ಸಣ್ಣ ನರಿಗೆ 60, ಯುರೋಪಿನ ಕೆಂಪು ನರಿಗೆ 34. ಹಳ್ಳಿಯ ಕಡೆ ಯಾರಾದರೂ ಇದು ನಾಯಿಗೂ ನರಿಗೂ ಹುಟ್ಟಿದ್ದು ಎಂದು ಮರಿ ತೋರಿಸಿದರೆ ಯಾವ ನರಿ ಎಂದು ಮೊದಲು ಕೇಳಬೇಕು. ಊಳಿಡುವ ನರಿಯಾದರೆ ಸಾಧ್ಯ. ಸಣ್ಣ ನರಿಯಾದರೆ ನಂಬಬೇಡಿ.

2021ರಲ್ಲಿ ಬ್ರೆಜಿಲ್ ದೇಶದ ತೆಂಕಣ ತುದಿಯಲ್ಲಿ ಕಾರಿಗೆ ಸಿಕ್ಕ ಒಂದು ವಿಚಿತ್ರ ಪ್ರಾಣಿಯನ್ನು ಪಶುವೈದ್ಯರಲ್ಲಿಗೆ ತಂದರು. ನಾಯಿಯಂತೆ ಬೊಗಳುತ್ತಿತ್ತು, ನಾಯಿಯ ತಿಂಡಿ ಮಾತ್ರ ಮುಟ್ಟಲಿಲ್ಲ, ಜೀವಂತ ಇಲಿ ಕೊಟ್ಟರೆ ತಿಂದಿತು. ಪರೀಕ್ಷೆ ಮಾಡಿದರೆ ತಾಯಿ ಪಾಂಪಾಸ್ ಬಯಲಿನ ನರಿ, ತಂದೆ ಸಾಕುನಾಯಿ. ವರ್ಣತಂತುಗಳು 76. ಪತ್ರಿಕೆಗಳೆಲ್ಲ ನಾಯಿ-ನರಿ ಬೆರಕೆ ಎಂದು ಬರೆದವು. ಆದರೆ ಆ ಪಾಂಪಾಸ್ ನರಿ ನಿಜವಾದ ನರಿಯಲ್ಲ. ದಕ್ಷಿಣ ಅಮೆರಿಕಕ್ಕೆ ಹೋದ ಬಿಳಿಯರು ಅಲ್ಲಿನ ಪ್ರಾಣಿಗಳಿಗೆ ತಮ್ಮೂರ ಹೆಸರು ಅಂಟಿಸಿದರು, ಅಷ್ಟೆ. ಅದರ ಕುಲ ಲೈಕಲೋಪೆಕ್ಸ್, ವರ್ಣತಂತು 74, ನರಿಗಿಂತ ನಾಯಿಗೇ ಹತ್ತಿರ. ಬೆರಕೆ ಆದದ್ದರಲ್ಲಿ ಅಂಥ ಪವಾಡವೇನಿಲ್ಲ. ಅದೇ ಖಂಡದ ಉದ್ದ ಕಾಲಿನ ಕೇಸರಿ ತೋಳವೂ ತೋಳವಲ್ಲ, ನರಿಯೂ ಅಲ್ಲ, ತನ್ನ ಕುಲಕ್ಕೆ ತಾನೊಂದೇ. ಇಥಿಯೋಪಿಯದ ಬೆಟ್ಟಗಳ ಕೆಂಪು ತೋಳವನ್ನು ಮೊದಲು ನರಿ ಎಂದೇ ಕರೆದರು. ಈಗ ಅದು ತೋಳ ಎಂಬುದು ಖಚಿತವಾಗಿದೆ, ಆದರೆ ಉಳಿದಿರುವ ಪ್ರೌಢ ಪ್ರಾಣಿಗಳು ಐನೂರಕ್ಕೂ ಕಡಿಮೆ.

ನಮ್ಮ ಕಾಡಿನ ಸೀಳುನಾಯಿಗೆ ಬರೋಣ. ಕೆನ್ನಾಯಿ ಎಂದೂ ಕರೆಯುತ್ತಾರೆ, ಕಾಡುನಾಯಿ ಎಂದೂ ಕರೆಯುತ್ತಾರೆ. ಬಂಡೀಪುರ, ನಾಗರಹೊಳೆ, ಕಾಳಿ ನದಿಯ ಕಾಡುಗಳಲ್ಲಿ ಹತ್ತಾರು ಸೇರಿ ಓಡಾಡುವ, ಕರಿ ಪೊದೆಬಾಲದ ಕೆಂಪು ಪ್ರಾಣಿ. ಬೊಗಳುವುದಿಲ್ಲ, ಗುಂಪು ಚದುರಿದಾಗ ಸಿಳ್ಳೆ ಹೊಡೆದು ಒಂದನ್ನೊಂದು ಕರೆಯುತ್ತವೆ. ದಖ್ಖನಿನಲ್ಲಿ ಸಮೀಕ್ಷೆ ನಡೆಸುತ್ತಿದ್ದ ಸೇನಾಧಿಕಾರಿ ಸೈಕ್ಸ್ ಎಂಬಾತ 1831ರಲ್ಲಿ ಇದನ್ನು ವಿವರಿಸಿ ಕ್ಯಾನಿಸ್ ದುಖುನೆನ್ಸಿಸ್, ಅಂದರೆ ದಖ್ಖನಿನ ನಾಯಿ ಎಂದು ಹೆಸರಿಟ್ಟ. ನಮ್ಮ ನೆಲದ ಹೆಸರು ಶಾಸ್ತ್ರದಲ್ಲಿ ಉಳಿಯಬಹುದಿತ್ತು. ಆದರೆ ಇದಕ್ಕೆ ಇಪ್ಪತ್ತು ವರ್ಷ ಮೊದಲೇ, 1811ರಲ್ಲಿ, ಪಲ್ಲಾಸ್ ಎಂಬ ವಿದ್ವಾಂಸ ರಷ್ಯಾದ ಪೂರ್ವದ ಕೊನೆಯಲ್ಲಿ ಸಿಕ್ಕ ಇದೇ ಪ್ರಾಣಿಗೆ ಆಲ್ಪೈನಸ್ ಎಂದು, ಬೆಟ್ಟದ ನಾಯಿಯೆಂದು, ಹೆಸರು ಕೊಟ್ಟಾಗಿತ್ತು. ಮೊದಲು ಇಟ್ಟ ಹೆಸರಿಗೇ ಮನ್ನಣೆ ಎಂಬುದು ನಿಯಮ. ಹಾಗಾಗಿ ಬಂಡೀಪುರದ ಬಿದಿರು ಮೆಳೆಯ ಪ್ರಾಣಿ ಇಂದಿಗೂ ಸೈಬೀರಿಯಾದ ಬೆಟ್ಟದ ಹೆಸರು ಹೊತ್ತು ತಿರುಗುತ್ತಿದೆ.

ನೇಪಾಳದಲ್ಲಿದ್ದ ಹಾಡ್ಜ್‌ಸನ್ ಎಂಬಾತ ಇನ್ನೊಂದು ಹೆಜ್ಜೆ ಮುಂದೆ ಹೋದ. ಮೊದಲು ಆತ ಇದೇ ಎಲ್ಲ ಸಾಕುನಾಯಿಗಳ ಮೂಲಪುರುಷ ಎಂದು ಭಾವಿಸಿದ್ದ. ಆಮೇಲೆ ಹಲ್ಲು ಎಣಿಸಿದ. ಕೆಳದವಡೆಯ ಎರಡೂ ಪಕ್ಕದಲ್ಲಿ ಕೊನೆಯ ಒಂದೊಂದು ಹಲ್ಲು ಇಲ್ಲ. 42 ಇರಬೇಕಾದಲ್ಲಿ 40. ಸೀಳುನಾಯಿ ಹಣ್ಣು ಹುಳು ಅರೆದು ತಿನ್ನುವ ಗೋಜಿಗೆ ಹೆಚ್ಚು ಹೋಗದೆ ಜಿಂಕೆ ಕಡವೆಗಳ ಮಾಂಸಕ್ಕೇ ಒಗ್ಗಿಕೊಂಡ ಪ್ರಾಣಿ, ಅರೆಯುವ ಹಲ್ಲೊಂದು ಕಳಚಿಹೋಗಿದೆ. 1838ರಲ್ಲಿ ಹಾಡ್ಜ್‌ಸನ್ ಇದನ್ನು ಕ್ಯಾನಿಸ್ ಕುಲದಿಂದ ಹೊರತಂದು ಕುವಾನ್ ಎಂಬ ಪ್ರತ್ಯೇಕ ಕುಲ ಮಾಡಿದ. ಇಂದಿನ ಹೆಸರು ಕುವಾನ್ ಆಲ್ಪೈನಸ್. ಅದರ ಮೊಲೆಗಳ ಸಂಖ್ಯೆಯೂ ನಾಯಿಗಿಂತ ಹೆಚ್ಚು.

ಪಂಡಿತರು ಹೀಗೆ ಬೇರೆ ಮಾಡಿಟ್ಟರೂ ಅಧಿಕಾರಿಗಳಿಗೆ ಅದು ಕಾಡುನಾಯಿಯಾಗಿಯೇ ಉಳಿಯಿತು. ಬ್ರಿಟಿಷರ ಕಾಲದ ಶಿಕಾರಿಗಳು ಇದನ್ನು ಕ್ರೂರಿ, ಜೀವಂತ ಪ್ರಾಣಿಯನ್ನೇ ಸೀಳಿ ತಿನ್ನುವ ದುಷ್ಟ ಎಂದು ಬರೆದರು. ತಮ್ಮ ಜಿಂಕೆಗಳಿಗೆ ಪೈಪೋಟಿ ಎಂಬುದೇ ನಿಜವಾದ ಸಿಟ್ಟು ಎಂದು ನನಗನ್ನಿಸುತ್ತದೆ. ಕೊಂದವರಿಗೆ ಇನಾಮು ಕೊಟ್ಟರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಆ ಕಾಲ ಮುಗಿಯಿತು. ಬಂಡೀಪುರದಲ್ಲಿ 1976ರಿಂದ 78ರವರೆಗೆ ವನ್ಯಜೀವಿ ವಿಜ್ಞಾನಿ ಎ.ಜೆ.ಟಿ. ಜಾನ್‌ಸಿಂಗ್ ಸೀಳುನಾಯಿಗಳ ಹಿಂದೆ ಕಾಲ್ನಡಿಗೆಯಲ್ಲಿ ಸುತ್ತಿ ಅವುಗಳ ಬೇಟೆ, ಮರಿಸಾಕಣೆ, ಗುಂಪಿನ ಬಾಳುವೆಯನ್ನು ದಾಖಲಿಸಿದರು. ಬೇಟೆಯಾಡಿ ಬಂದವು ಗೂಡಿನ ಬಳಿ ಉಳಿದ ತಾಯಿಗೂ ಮರಿಗಳಿಗೂ ಮಾಂಸ ಕಕ್ಕಿ ಉಣಿಸುತ್ತವೆ. ದುಷ್ಟ ಎಂದು ಬರೆದ ಶಿಕಾರಿಗಳು ಗೂಡಿನ ಬಳಿ ಕಾದು ಕೂತಿದ್ದರೆ ಬೇರೆ ಬರೆಯುತ್ತಿದ್ದರೋ ಏನೋ. ನಮ್ಮ ಮೈಸೂರಿನ ಕೃಪಾಕರ–ಸೇನಾನಿ ಜೋಡಿ ಮುಂದೆ ಇದೇ ಪ್ರಾಣಿಯ ಸಂಸಾರವನ್ನು ವರ್ಷಗಟ್ಟಲೆ ಚಿತ್ರೀಕರಿಸಿ ಜಗತ್ತಿಗೆ ತೋರಿಸಿತು. ಇಷ್ಟಾದರೂ ಲೋಕದಲ್ಲಿ ಇವುಗಳ ಸಂತಾನ ನಡೆಸುವ ಪ್ರೌಢ ಪ್ರಾಣಿಗಳು ಸಾವಿರದಿಂದ ಎರಡು ಸಾವಿರದ ಆಸುಪಾಸಿನಲ್ಲಿವೆ, ಹುಲಿಗಿಂತ ಕಡಿಮೆ.

ಇನ್ನು ನಾಯಿ ತೋಳಗಳ ಖಾತೆ ಜಗಳ. ಲಿನೇಯಸ್ ಎರಡನ್ನೂ ಬೇರೆ ಮಾಡಿದ್ದನಷ್ಟೆ. 1993ರಲ್ಲಿ ಜಗತ್ತಿನ ಸಸ್ತನಿಗಳ ಪ್ರಮಾಣ ಪಟ್ಟಿಯೊಂದು ನಾಯಿಯನ್ನು ತೋಳದೊಳಗೇ ಸೇರಿಸಿ ಕ್ಯಾನಿಸ್ ಲೂಪಸ್ ಫ್ಯಾಮಿಲಿಯಾರಿಸ್ ಎಂದು ಮೂರು ಪದದ ಹೆಸರು ಕೊಟ್ಟಿತು. ಅಂದರೆ ನಾಯಿ ತೋಳದ ಒಂದು ಉಪಪ್ರಭೇದ. ಬೆರೆತರೆ ಮರಿ ಹಾಕುತ್ತವೆ, ಮರಿಗಳೂ ಮರಿ ಹಾಕುತ್ತವೆ, ಮತ್ತೇಕೆ ಬೇರೆ ಎಂಬ ವಾದ. ಇನ್ನೊಂದು ಪಕ್ಷ ಇದನ್ನು ಒಪ್ಪಲಿಲ್ಲ. ಇಂದಿಗೂ ಎರಡೂ ಹೆಸರು ಚಲಾವಣೆಯಲ್ಲಿವೆ. ನನ್ನ ಒಲವು ಹಳೆಯ ಎರಡು ಪದದ ಹೆಸರಿನ ಕಡೆಗೆ. ಕಾರಣ, ನಾಯಿ ಇಂದಿನ ಯಾವ ತೋಳದ ಮಗುವೂ ಅಲ್ಲ. ಈಗ ಅಳಿದುಹೋಗಿರುವ ಯಾವುದೋ ತೋಳದ ಸಂತತಿಯಿಂದ ಅದು ಬಂತು, ಬಂದು ಮನುಷ್ಯನ ಜೊತೆ ಸೇರಿ ಬಹುಕಾಲವಾಯಿತು. ಜರ್ಮನಿಯ ಬಾನ್ ನಗರದ ಬಳಿ 1914ರಲ್ಲಿ ಒಬ್ಬ ಗಂಡಸು, ಒಬ್ಬಳು ಹೆಂಗಸಿನ ಜೊತೆ ಹೂತಿದ್ದ ನಾಯಿಮರಿಯ ಮೂಳೆಗಳು ಸಿಕ್ಕವು. ಅದಕ್ಕೆ ಸುಮಾರು 14,000 ವರ್ಷ. ಆ ಮರಿ ಕಾಯಿಲೆ ಬಿದ್ದು, ಮನುಷ್ಯರ ಆರೈಕೆಯಿಂದ ಕೆಲವು ವಾರ ಬದುಕಿತ್ತು ಎಂಬುದು ಹಲ್ಲಿನಲ್ಲಿ ಗುರುತಾಗಿ ಉಳಿದಿದೆ. ನಮ್ಮೊಡನೆ ಇಷ್ಟು ಕಾಲ ಬಾಳಿದ ಪ್ರಾಣಿಯ ಒಳಗೂ ಬದಲಾಗಿದೆ. ಗಂಜಿ, ಪಿಷ್ಟ ಅರಗಿಸುವ ರಸಕ್ಕೆ ಬೇಕಾದ ವಂಶವಾಹಿಯ ಪ್ರತಿಗಳು ತೋಳಕ್ಕಿಂತ ನಾಯಿಯಲ್ಲಿ ಎಷ್ಟೋ ಹೆಚ್ಚು. ಬೀದಿನಾಯಿ ಅನ್ನ ಸಾರು, ಮುದ್ದೆ ತಿಂದು ಗಟ್ಟಿಮುಟ್ಟಾಗಿರುವುದು ಸುಮ್ಮನೆ ಅಲ್ಲ.

ಬಾಲದ ಮಾತು ಬಾಕಿಯಿತ್ತು. 1959ರಲ್ಲಿ ಸೋವಿಯತ್ ವಿಜ್ಞಾನಿ ದ್ಮಿತ್ರಿ ಬೆಲ್ಯಾಯೆವ್ ಸೈಬೀರಿಯಾದ ನೊವೊಸಿಬಿರ್ಸ್ಕ್ ಬಳಿ ತುಪ್ಪಳಕ್ಕಾಗಿ ಸಾಕಿದ್ದ ನರಿಗಳ ಮೇಲೆ ಒಂದು ಪ್ರಯೋಗ ಆರಂಭಿಸಿದರು. ಅವು ಕೆಂಪು ನರಿಯ ಕಪ್ಪು-ಬೆಳ್ಳಿ ಬಣ್ಣದ ಬಗೆಯವು. ಮರಿಗಳಲ್ಲಿ ಮನುಷ್ಯನನ್ನು ಕಂಡು ಹಲ್ಲು ಕಿರಿಯದ, ಹೆದರದ ಕೆಲವನ್ನು ಮಾತ್ರ ಆರಿಸಿ ಮುಂದಿನ ತಲೆಮಾರಿಗೆ ಇಟ್ಟುಕೊಳ್ಳುವುದು. ಬಣ್ಣ, ಕಿವಿ, ಬಾಲ ಯಾವುದನ್ನೂ ನೋಡುವುದಿಲ್ಲ. ಕೆಲವೇ ತಲೆಮಾರುಗಳಲ್ಲಿ ಬಾಲ ಅಲ್ಲಾಡಿಸುವ, ಕೈ ನೆಕ್ಕುವ ನರಿಗಳು ಬಂದವು. ಆಮೇಲೆ ಜೋಲು ಕಿವಿ ಬಂತು, ಮೈಮೇಲೆ ಬಿಳಿ ಮಚ್ಚೆ ಬಂತು, ಕೆಲವಕ್ಕೆ ಬಾಲ ಮೇಲಕ್ಕೆ ಸುರುಳಿಯಾಯಿತು! ಬೆಲ್ಯಾಯೆವ್ 1985ರಲ್ಲಿ ತೀರಿಕೊಂಡ ಮೇಲೆ ಅವರ ಸಹೋದ್ಯೋಗಿ ಲ್ಯುದ್ಮಿಲಾ ತ್ರುತ್ ಆ ಕೆಲಸವನ್ನು ಬಿಡದೆ ನಡೆಸಿದರು. ಪ್ರಯೋಗಕ್ಕೆ ತಂದ ನರಿಗಳ ಮೂಲ ಕೆನಡಾದ ಸಾಕಣೆ ಕೇಂದ್ರಗಳು, ಮಚ್ಚೆಯಂಥ ಕೆಲವು ಲಕ್ಷಣ ಅಲ್ಲೇ ಇದ್ದವು ಎಂಬ ಆಕ್ಷೇಪ ಇತ್ತೀಚೆಗೆ ಎದ್ದಿದೆ, ಅದನ್ನು ತಳ್ಳಿಹಾಕುವಂತಿಲ್ಲ. ಆದರೂ ಸಾಧುಸ್ವಭಾವವನ್ನು ಆರಿಸಿದರೆ ಮೈಯ ರೂಪವೂ ಜೊತೆಗೆ ಸರಿಯಬಹುದು ಎಂಬ ಸುಳಿವು ಅಲ್ಲಿಂದ ಸಿಕ್ಕಿತು. ಲಿನೇಯಸ್ ಗುರುತು ಹಿಡಿದ ಡೊಂಕು, ಬಹುಶಃ ಮನುಷ್ಯನ ಒಡನಾಟದ ಫಲ.

ಖಾತೆಯ ಪರಿಣಾಮ ನೋಡಬೇಕಾದರೆ ಆಸ್ಟ್ರೇಲಿಯಾದ ಡಿಂಗೊ ನಾಯಿಯನ್ನು ನೋಡಿ. ಸಾವಿರಾರು ವರ್ಷ ಹಿಂದೆ ಮನುಷ್ಯರ ಜೊತೆ ಹೋಗಿ ಕಾಡು ಸೇರಿದ ಪ್ರಾಣಿ. ಅದು ಕ್ಯಾನಿಸ್ ಡಿಂಗೊ ಎಂಬ ಪ್ರತ್ಯೇಕ ಪ್ರಭೇದವೆಂದರೆ ಆ ನೆಲದ ವನ್ಯಜೀವಿ, ಕಾಪಾಡಬೇಕು. ಕಾಡು ಬಿದ್ದ ಸಾಕುನಾಯಿ ಎಂದರೆ ಕುರಿ ಸಾಕುವವರಿಗೆ ವಿಷವಿಡಲು ಅನುಮತಿ. ಅದನ್ನು ಕುರಿಗಳಿಂದ ದೂರವಿಡಲು ಅಲ್ಲಿ 5,600 ಕಿಲೋಮೀಟರು ಉದ್ದದ ಬೇಲಿಯೇ ಇದೆ.

ನಮ್ಮಲ್ಲೂ ಇಂಥದೇ ತೊಡಕು ಬಂದಿದೆ. ದಖ್ಖನಿನ ಹುಲ್ಲುಗಾವಲಿನ ತೋಳಕ್ಕೆ ಕ್ಯಾನಿಸ್ ಲೂಪಸ್ ಪ್ಯಾಲಿಪೆಸ್ ಎಂದು ಹೆಸರು, ಇಟ್ಟವನು ಅದೇ ಸೈಕ್ಸ್, ಅದೇ 1831ರಲ್ಲಿ. ತೋಳಗಳ ವಂಶದಲ್ಲಿ ಇದು ಬಹು ಹಳೆಯ ಕವಲುಗಳಲ್ಲೊಂದು ಎಂದು ವಂಶವಾಹಿಗಳ ಅಧ್ಯಯನ 2021ರಲ್ಲಿ ತೋರಿಸಿತು. ದೇಶದಲ್ಲಿ ಉಳಿದಿರುವುದು ಮೂರು ಸಾವಿರದ ಆಸುಪಾಸು. ಕೊಪ್ಪಳ ಜಿಲ್ಲೆಯ ಬಂಕಾಪುರದಲ್ಲಿ ಮುನ್ನೂರು ಎಕರೆಗೂ ಮಿಕ್ಕ ಕುರುಚಲು ಬಯಲನ್ನು ತೋಳಗಳಿಗೆಂದೇ ಮೀಸಲಿಟ್ಟಿದ್ದಾರೆ. ಪಕ್ಕದ ಮಹಾರಾಷ್ಟ್ರದ ಪುಣೆಯ ಸುತ್ತಿನ ಬಯಲಿನಲ್ಲಿ ತೋಳದ ಗುಂಪಿನ ಜೊತೆ ಹಳದಿ ಛಾಯೆಯ, ನಾಯಿಯ ಕಳೆಯ ಪ್ರಾಣಿಗಳು ಕಂಡವು. ಬೆಂಗಳೂರಿನ ಪ್ರಯೋಗಾಲಯದಲ್ಲಿ ಅವುಗಳ ಕೂದಲು, ಅಂಗಾಂಶಗಳ ಮಾದರಿ ಪರೀಕ್ಷಿಸಿದಾಗ ನಾಯಿ-ತೋಳದ ಬೆರಕೆ ಎಂಬುದು 2023ರಲ್ಲಿ ಖಚಿತವಾಯಿತು. ತೋಳ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ, ಹುಲಿಗೆ ಸಮನಾದ ರಕ್ಷಣೆ. ಸಾಕುನಾಯಿ ಆ ಪಟ್ಟಿಯಲ್ಲಿಲ್ಲ. ಬೆರಕೆಯನ್ನು ಯಾವ ಕಲಂನಲ್ಲಿ ಬರೆಯಬೇಕು? ಹಾಗೇ ಬಿಟ್ಟರೆ ನಾಲ್ಕಾರು ತಲೆಮಾರಿನಲ್ಲಿ ಆ ಹಳೆಯ ಕವಲು ಕರಗಿಹೋಗಬಹುದು. ಹಿಡಿದರೆ ತೋಳವನ್ನೇ ಹಿಡಿದಂತಾಗಬಹುದು.

ಬೆರಕೆಗಿಂತ ಬೇಗ ಕೊಲ್ಲುವುದು ರೋಗ. ಕ್ಯಾನಿಡೇ ಕುಟುಂಬಕ್ಕೆ ಸೇರಿದವೆಲ್ಲ ರೋಗದ ಮಟ್ಟಿಗೂ ನೆಂಟರು. ನಾಯಿಯ ಡಿಸ್ಟೆಂಪರ್ ನರಿಗೆ ತಗಲುತ್ತದೆ, ಸೀಳುನಾಯಿಗೆ ತಗಲುತ್ತದೆ. ಹುಚ್ಚುನಾಯಿ ರೋಗ ಎಲ್ಲವಕ್ಕೂ ತಗಲುತ್ತದೆ. ನಾನು ಹೇಳಿದ ಇಥಿಯೋಪಿಯದ ತೋಳಗಳು ಮತ್ತೆ ಮತ್ತೆ ಸತ್ತದ್ದು ಸುತ್ತಲಿನ ಹಳ್ಳಿಗಳ ನಾಯಿಗಳಿಂದ ಬಂದ ರೇಬೀಸಿನಿಂದ. ಅಲ್ಲಿ ತೋಳ ಉಳಿಸಲು ಹೊರಟವರು ಮೊದಲು ಮಾಡಿದ ಕೆಲಸ ಮನೆಮನೆಗೆ ಹೋಗಿ ನಾಯಿಗಳಿಗೆ ಲಸಿಕೆ ಹಾಕಿದ್ದು. ಕಾಡಂಚಿನ ನಮ್ಮ ಹಳ್ಳಿಗಳಲ್ಲೂ ಪಶು ಆಸ್ಪತ್ರೆಯವರು ನಾಯಿಗಳಿಗೆ ರೇಬೀಸ್ ಲಸಿಕೆಯ ಶಿಬಿರ ನಡೆಸುತ್ತಾರೆ. ನಿಮ್ಮ ಮನೆಯ ನಾಯಿಯನ್ನು ಹಗ್ಗ ಹಾಕಿ ಕರೆದೊಯ್ಯಿರಿ, ಬೀದಿಯದು ಕೈಗೆ ಸಿಕ್ಕರೆ ಅದನ್ನೂ.